ಅಡುಗೆಮನೆಯಲ್ಲಿ ಕೋಳಿ ಕೂಗು

ಏಪ್ರಿಲ್ 9, ಮಂಗಳವಾರ

ಕ್ಲಿನಿಕ್ಕಿನ ನರ್ಸು ತೋಳಿಗೆ ಪಟ್ಟಿ ಸುತ್ತಿ ಎರಡೆರಡು ಸಲ ಬಿ.ಪಿ. ನೋಡಿದಳು. ನಿನ್ನ ಯಂತ್ರ ಕೆಟ್ಟಿದೆ ಎಂದೆ. “ಯಂತ್ರ ಚೆನ್ನಾಗೇ ಇದೆ ಹೂರಿಯಾ ಆಂಟಿ. ಯಾರ ಮೇಲೆ ಇಷ್ಟೊಂದು ಸಿಟ್ಟು?” ಎಂದಳು. ಹೇಳತೊಡಗಿದೆ. ಹೊರಗೆ ಜನ ಕಾಯುತ್ತಿದ್ದರಂತೆ, ಅರ್ಧಕ್ಕೇ ತಡೆದು, ಬಾಯಿಗೆ ಬಂದದ್ದನ್ನೆಲ್ಲ ಜನರ ಮುಖಕ್ಕೆ ಹೇಳುವ ಬದಲು ಬರೆದಿಡಿ ಎಂದಳು. ಸರಿ, ಬರೆಯುತ್ತೇನೆ. ಮಾತ್ರೆ ನುಂಗುವುದಕ್ಕಿಂತ ಇದು ಮೇಲು.

ಈಸ್ಟರ್ ಊಟದ ದಿನ ಗುಂಡಿಯ ಮೇಲಿನ ಮಣ್ಣು ಸರಿಸಿ, ಒದ್ದೆ ಗೋಣಿ ಎತ್ತಿ, ಬುಟ್ಟಿಗಳನ್ನು ಮೇಲೆ ತೆಗೆದರೆ ಹಂದಿಮಾಂಸ ಇನ್ನೂ ಕೆಂಪಗಿತ್ತು. ಆಲೂಗಡ್ಡೆ ಹಲ್ಲಿಗೆ ಕಟಕಟ ಅನ್ನುತ್ತಿತ್ತು. ನಮ್ಮ ಕುಲದವರೆಲ್ಲ ಸೇರುವ ಮರೈಯ ಅಂಗಳದಲ್ಲಿ, ಕಾದ ಕಲ್ಲಿನ ಮೇಲೆ ಮಣ್ಣು ಮುಚ್ಚಿ ಬೇಯಿಸುವ ಹಾಂಗಿ ಹಸಿಯಾಗಿ ಬಂದದ್ದು ನನ್ನ ಕಾಲದಲ್ಲಿ ಇದೇ ಮೊದಲು. ಬಂದ ನೆಂಟರಿಗೆ ಪೇಟೆಯಿಂದ ಮೀನು-ಚಿಪ್ಸ್ ತರಿಸಿ ಬಡಿಸಿದೆವು. ನನ್ನ ಅಮ್ಮ ಮೂವತ್ತು ವರ್ಷ ಬೆವರು ಸುರಿಸಿದ ಊಟದ ಮನೆಯಲ್ಲಿ, ಕಾಗದದಲ್ಲಿ ಸುತ್ತಿದ ಮೀನು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು.

ತಪ್ಪು ಯಾರದು? ಹೋಹೆಪಾನದು. ನನ್ನ ಗಂಡನ ತಮ್ಮ, ಬೆಂಕಿ ಮತ್ತು ಕಲ್ಲು ಅವನ ಪಾಲು. ದಿನಕ್ಕೆ ನಾಲ್ಕು ಮಾತಾಡಿದರೆ ಅದೇ ಹೆಚ್ಚು. ಕಲ್ಲು ಸರಿಯಾಗಿ ಕಾಯಿಸಲಿಲ್ಲ. ಇನ್ನೊಬ್ಬಳು ಪಿರಿಹಿರಾ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವಳು. ಬ್ರೆಡ್ಡು, ಪುಡಿಂಗು ಅವಳದು. ಗುಂಡಿಯ ಅರ್ಧ ಜಾಗ ತನ್ನ ಪುಡಿಂಗ್ ಡಬ್ಬಗಳಿಗೇ ಬೇಕು ಅವಳಿಗೆ. ಮೇಲಾಗಿ “ಹೂರಿಯಾ ಅವಸರ ಮಾಡಿದ್ಲು” ಅಂತ ಊರೆಲ್ಲ ಸಾರಿಕೊಂಡು ಬಂದಿದ್ದಾಳೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಎಣಿಸುವವಳು. ಅಂದಿನಿಂದ ಮಾತು ಬಿಟ್ಟಿದ್ದೇವೆ.

ಇವತ್ತು ಮರೈ ಸಮಿತಿಯ ಯಜಮಾನ, ಊರೆಲ್ಲ ಕೋರೊ ಅಂದರೆ ಅಜ್ಜ ಎಂದು ಕರೆಯುವ ಕೋರೊ ಇಹಾಯಾ, ಮನೆಗೇ ಬಂದಿದ್ದರು. ಜೂನ್ ಒಂದಕ್ಕೆ ಊಟದ ಮನೆಗೆ ನೂರು ವರ್ಷ.

“ಮುನ್ನೂರು ಜನ ಬರ್ತಾರಮ್ಮ. ಗಿಸ್ಬರ್ನ್‌ನಿಂದ ಅಡುಗೆ ಗುತ್ತಿಗೆಯವರನ್ನ ಕರ್ಸೋಣ ಅಂತ ಸಮಿತೀಲಿ ಮಾತು ಬಂತು. ನಾನೇ ತಡ್ದಿದೀನಿ. ಇದೊಂದು ಸಲ ನೀವು ಮಾಡಿ.”

“ಕೆಟ್ರೆ?”

“ಕೆಟ್ರೆ ಆಮೇಲಿಂದ ಮದುವೆ, ಸಾವು, ಎಲ್ಲಾದಕ್ಕೂ ಅವರ ವ್ಯಾನೇ ಬರತ್ತೆ. ನನ್ನ ಕೈಲೂ ತಡ್ಯೋಕಾಗಲ್ಲ.”

ಅಮ್ಮನ ಅಡುಗೆಮನೆಗೆ ವ್ಯಾನು ಬರುವುದಂತೆ. ನನ್ನ ಹೆಣದ ಮೇಲೆ ಬರಲಿ. ಮಾಂಸ ಇಡುವ ಕೋಲ್ಡ್ ರೂಮಿನ ಬೀಗದ ಕೈಯನ್ನು ಏಪ್ರನ್ನಿನ ಜೇಬಿಗೆ ಪಿನ್ನು ಹಾಕಿ ಭದ್ರ ಮಾಡಿಕೊಂಡಿದ್ದೇನೆ. ಮಾಂಸದ ಸುದ್ದಿಗೆ ಇನ್ನು ನನ್ನ ಹೊರತು ಯಾರೂ ಬರಕೂಡದು.

ಏಪ್ರಿಲ್ 13, ಶನಿವಾರ

ಅಕ್ಕನ ಮಗಳು ಮನಾಯಾ ವೆಲಿಂಗ್ಟನ್‌ನಿಂದ ಬಂದಿದ್ದಾಳೆ, ಒಂದು ತಿಂಗಳು ಇರುತ್ತಾಳೆ. ಆಫೀಸಿನ ಜನ ಒಬ್ಬರಿಗೊಬ್ಬರು ಹೊಂದಿಕೊಂಡು ಕೆಲಸ ಮಾಡಲೆಂದು ಅವರಿಗೆ ಆಟ ಆಡಿಸುವುದು ಇವಳ ಉದ್ಯೋಗ.

“ಅದಕ್ಕೆ ಸಂಬಳ ಬೇರೆ ಕೊಡ್ತಾರಾ?”

“ಚೆನ್ನಾಗೇ ಕೊಡ್ತಾರೆ ಆಂಟಿ. ನಿಮಗೆ ಪುಕ್ಕಟೆ. ಕೋರೊ ಕೇಳಿದಾರೆ, ಭಾನುವಾರ ಭಾನುವಾರ ಅಡುಗೆಮನೇಲಿ ಎಲ್ರಿಗೂ ಆಟ.”

“ನಂಗೆ ಅರವತ್ತೊಂದು ವರ್ಷ. ಆಡೋ ವಯಸ್ಸಲ್ಲ, ಆಡ್ಸೋ ವಯಸ್ಸು.”

“ಅದೇ ತೊಂದ್ರೆ” ಎಂದಳು, ನನ್ನ ಫ್ರಿಜ್ಜಿನಿಂದ ನನ್ನದೇ ಕೋಳಿಕಾಲು ತೆಗೆದುಕೊಂಡು. ಅವಳ ತಾಯಿಯೂ ಹೀಗೇ ಇದ್ದಳು.

ಏಪ್ರಿಲ್ 14, ಭಾನುವಾರ

ಆಟವಂತೆ. ಇಬ್ಬಿಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಒಬ್ಬರ ಬಲಗೈಯನ್ನು ಇನ್ನೊಬ್ಬರ ಎಡಗೈಗೆ ಟೀ ಟವಲಿನಿಂದ ಕಟ್ಟಿ, ಉಳಿದ ಒಂದೊಂದು ಕೈಯಲ್ಲಿ ಗೆಣಸಿನ ಸಿಪ್ಪೆ ಹೆರೆಯಬೇಕು. ಮಾತಾಡಕೂಡದು. ನನ್ನನ್ನು ಯಾರ ಜೊತೆ ಕಟ್ಟಿರಬಹುದು? ಮನಾಯಾಳಿಗೆ ಹುಟ್ಟಿದಾಗ ನಾನೇ ಸ್ನಾನ ಮಾಡಿಸಿದ್ದು. ನೀರು ಇನ್ನೂ ಸ್ವಲ್ಪ ಬಿಸಿ ಇರಬೇಕಿತ್ತು.

ನಾನು ಎಳೆದ ಕಡೆ ಪಿರಿಹಿರಾ ಬರಲಿಲ್ಲ, ಅವಳು ಎಳೆದ ಕಡೆ ನಾನು ಹೋಗಲಿಲ್ಲ. ಗೆಣಸು ನೆಲಕ್ಕೆ ಬಿದ್ದು ಮೇಜಿನ ಕೆಳಗೆ ಉರುಳಿತು. ಹಿಡಿಯಲು ಇಬ್ಬರೂ ಒಟ್ಟಿಗೆ ಬಗ್ಗಿ ತಲೆಗೆ ತಲೆ ಢೀ ಕೊಟ್ಟೆವು. ಅವಳು ಮೊದಲು ನಕ್ಕಳು. ನಾನು ನಗಲಿಲ್ಲ, ಕೆಮ್ಮು ಬಂತು. ಆಮೇಲೆ ಹೇಗೋ ಅವಳು ಹಿಡಿದಳು, ನಾನು ಹೆರೆದೆ. ಬೇರೆ ಎಲ್ಲ ಜೋಡಿಗಳಿಗಿಂತ ನಮ್ಮ ಬುಟ್ಟಿಯಲ್ಲೇ ಹೆಚ್ಚು ಗೆಣಸು ಇತ್ತು. ಚಾಕು ನನ್ನ ಕೈಯಲ್ಲಿತ್ತು ಎಂಬುದನ್ನು ಮರೆಯಬಾರದು.

ಏಪ್ರಿಲ್ 21, ಭಾನುವಾರ

ಇವತ್ತಿನದನ್ನು ಬರೆಯಲೇಬೇಕು, ಇಲ್ಲದಿದ್ದರೆ ಬಿ.ಪಿ. ಯಂತ್ರ ಒಡೆದುಹೋಗುತ್ತದೆ.

ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ದೊಡ್ಡ ಪಾತ್ರೆಗೆ ಹಾಕಿದಳು. ಯಾರ ಚೀಟಿ ಬರುತ್ತದೋ ಒಂದು ಗಂಟೆ ಅವರಾಗಬೇಕು. ಅವರ ಕೆಲಸ ಮಾಡಬೇಕು, ಅವರಂತೆ ನಡೆಯಬೇಕು, ಅವರಂತೆ ಮಾತಾಡಬೇಕು. ನನಗೆ ಹೋಹೆಪಾ ಬಂದ. ಹೋಹೆಪಾಗೆ ನಾನು ಬಂದೆ.

ಅವನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಪಾಪ, ಆಗುವುದಿಲ್ಲ ಇವನ ಕೈಲಿ ಅಂದುಕೊಂಡೆ. ಆಮೇಲೆ ನನ್ನ ಏಪ್ರನ್ ಕಟ್ಟಿಕೊಂಡ, ಎಡಗೈ ಸೊಂಟದ ಮೇಲೆ ಇಟ್ಟ, ಬಲಗೈಯಿಂದ ಜೇಬಿನಲ್ಲಿದ್ದ ಬೀಗದ ಕೈಯನ್ನು ಪಟಪಟ ತಟ್ಟಿ ನೋಡಿಕೊಂಡ. ಅಷ್ಟಕ್ಕೇ ಪಿರಿಹಿರಾ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡಳು.

“ಯಾರಪ್ಪಾ ಇದನ್ನ ಇಲ್ಲಿಟ್ಟೋರು? ನಾನಾ? ನಾನ್ಯಾಕೆ ಇಡ್ಲಿ? ಬಿಡು, ನಾನೇ ಮಾಡ್ತೀನಿ. ಅಯ್ಯೋ, ಎಲ್ಲಾ ನಾನೇ ಮಾಡ್ಬೇಕು ಈ ಮನೇಲಿ. ಏಯ್, ನೀನ್ಯಾಕೆ ಮಾಡ್ತಿದೀಯ, ನಾನು ಮಾಡ್ತೀನಿ ಅಂದೆನಲ್ಲ.”

ಇಪ್ಪತ್ತು ವರ್ಷದ ಮಾತನ್ನು ಒಂದೇ ಉಸಿರಿಗೆ ಆಡಿದ. ಪಾತ್ರೆ ತೊಳೆಯುತ್ತಿದ್ದವರು ನೆಲಕ್ಕೆ ಕುಸಿದರು. ನಾನು ಹಾಗೆ ಸೊಂಟದ ಮೇಲೆ ಕೈ ಇಡುವುದಿಲ್ಲ. ಇದನ್ನು ಬರೆಯುವಾಗ ಎಡಗೈ ಎಲ್ಲಿದೆ ಎಂದು ನೋಡಿಕೊಂಡೆ. ಸೊಂಟದ ಮೇಲಿತ್ತು. ಅದು ಸೊಂಟನೋವಿಗೆ.

ನಾನು ಹೋಹೆಪಾ ಆಗಿ ಗುಂಡಿಯ ಪಕ್ಕ ಬೆಂಕಿ ನೋಡುತ್ತಾ ಬಾಯಿ ಮುಚ್ಚಿ ಕೂತೆ. ಮಾನೂಕಾ ಸೌದೆಯ ಹೊಗೆ ಚೆನ್ನಾಗಿತ್ತು. ಒಬ್ಬರೂ ತಿರುಗಿ ನೋಡಲಿಲ್ಲ. ಬುಟ್ಟಿ ತಂದು ಪಕ್ಕದಲ್ಲಿ ಕುಕ್ಕುತ್ತಾರೆ, ಹೋಗುತ್ತಾರೆ. ಆಟದ ಹೋಹೆಪಾಗೆ ಅಂದರೆ ನನಗೆ, ಕಲ್ಲು ಇನ್ನೂ ಕಾದಿಲ್ಲವೇನೋ ಅನ್ನಿಸಿತು. ಹೇಳಲೋ ಬೇಡವೋ? ಅಷ್ಟರಲ್ಲಿ ಆಟದ ಹೂರಿಯಾ ಬಂದು “ಇನ್ನೂ ಆಗಿಲ್ವಾ? ಆಯ್ತು ಅನ್ಕೋ, ಇಳ್ಸು” ಎಂದು ಉತ್ತರಕ್ಕೂ ಕಾಯದೆ ಹೋದಳು. ಎಂತಹ ಹೆಂಗಸಪ್ಪ.

ಎಲ್ಲ ಮುಗಿದ ಮೇಲೆ ಅವನನ್ನು ಕೇಳಿದೆ.

“ಈಸ್ಟರ್ ದಿನ ಕಲ್ಲು ಕಾದಿಲ್ಲ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿರ್ಲಿಲ್ಲ ಅತ್ಗೆ. ಅನುಮಾನ ಇತ್ತು.”

“ಮತ್ತೆ ಹೇಳೋದಲ್ವಾ?”

“ಗೊತ್ತಿರೋದಾದ್ರೆ ಹೇಳ್ಬಹುದು. ಅನುಮಾನಾನ ನಿನ್ ಹತ್ರ ಹೇಳೋದು ಹೇಗೆ?”

ಇದಕ್ಕೇನು ಅರ್ಥ? ಅನುಮಾನವಿದ್ದರೆ ಹೇಳಬೇಕು, ಅಷ್ಟೆ. ನಾನೇನು ಹುಲಿಯೇ? ಊಟ ರುಚಿಸಲಿಲ್ಲ.

ಏಪ್ರಿಲ್ 28, ಭಾನುವಾರ

ಹೊಸ ನಿಯಮ. ಅಡುಗೆಮನೆಯಲ್ಲಿ ಯಾರಿಗೇ ಆಗಲಿ ಏನೋ ಸರಿಯಿಲ್ಲ ಅನ್ನಿಸಿದರೆ, ಬರೀ ಅನುಮಾನವಾದರೂ ಸರಿಯೇ, ಕೋಳಿಯಂತೆ ಕೂಗಬೇಕು. ಕೂಗಿದ ತಕ್ಷಣ ಎಲ್ಲರೂ ಕೈಯಲ್ಲಿದ್ದದ್ದನ್ನು ನಿಲ್ಲಿಸಬೇಕು. ಯಾರ ತಪ್ಪು ಎಂದು ಕೇಳಕೂಡದು. ಸರಿ ಮಾಡುವುದು, ಮುಂದಕ್ಕೆ ಹೋಗುವುದು.

“ಕೋಳಿನೇ ಯಾಕೆ?” ಎಂದೆ.

“ಕೋಳಿ ತರ ಕೂಗ್ತಾ ಯಾರಿಗೂ ಬಯ್ಯೋಕಾಗಲ್ಲ ಆಂಟಿ, ಕೂಗಿಸ್ಕೊಂಡೋರಿಗೂ ಸಿಟ್ಟು ಬರಲ್ಲ. ತನ್ನ ತಪ್ಪಿಗೆ ತಾನೇ ಕೂಗಿದ್ರೆ ಇನ್ನೂ ಒಳ್ಳೇದು.”

ನಾನು ಕೂಗುವುದಿಲ್ಲ ಎಂದು ಆಗಲೇ ಹೇಳಿದೆ. ಉಳಿದವರಿಗೆ ಇದೇ ಬೇಕಿತ್ತು. ಟೀ ಟವಲು ನೆಲ ಒರೆಸುವ ಬಟ್ಟೆಯ ಜೊತೆ ಸೇರಿದ್ದಕ್ಕೆ ಕೊಕ್ಕೊಕ್ಕೋ. ಯಾರೋ ಊಟದ ಮೇಜಿನ ಮೇಲೆ ಕುಂಡಿ ಊರಿದ್ದಕ್ಕೆ ಕೊಕ್ಕೊಕ್ಕೋ. ನಾನು ಗೆಣಸಿಗೆ ಉಪ್ಪು ಹಾಕುವಾಗ ಪಿರಿಹಿರಾ ನನ್ನ ಕಿವಿಯ ಬಳಿಯೇ ಕೂಗಿದಳು.

“ಅವಳಿಗೆ ಹೇಳು ಮನಾಯಾ, ಆಗ್ಲೇ ಒಂದ್ಸಲ ಹಾಕಿದಾಳೆ.”

“ನೇರ ಹೇಳಿ ಆಂಟಿ.”

ಪಿರಿಹಿರಾ ನನ್ನತ್ತ ತಿರುಗಿದಳು. “ಎರಡ್ ಸಲ ಹಾಕ್ತಿದೀಯ ಕಣೇ.”

ರುಚಿ ನೋಡಿದೆ. ಹಾಕಿದ್ದೆ. ಉಪ್ಪಿನ ಡಬ್ಬ ಅವಳ ಕೈಗೆ ಕೊಟ್ಟೆ. ಈಸ್ಟರ್ ಆದಮೇಲೆ ಅವಳು ನನಗೆ ಆಡಿದ ಮೊದಲ ಮಾತು ಇದು.

ಮೇ 5, ಭಾನುವಾರ

ಹೋಹೆಪಾ ಕೂಗಿದ. ಎಲ್ಲರೂ ನಿಂತೆವು. “ಏನಿಲ್ಲ, ಈ ಎರಡು ಕಲ್ಲಲ್ಲಿ ನೀರಿರ್ಬಹುದೇನೋ. ಸಿಡೀಬಹುದು. ಸಿಡೀದೇನೂ ಇರ್ಬಹುದು” ಎಂದ. ಎರಡನ್ನೂ ತೆಗೆದು ಬೇಲಿಯಾಚೆ ಎಸೆದೆವು. ಸಿಡಿಯುತ್ತಿದ್ದವೋ ಇಲ್ಲವೋ ದೇವರಿಗೇ ಗೊತ್ತು. ಅವನು ಮಾತ್ರ ದಿನವಿಡೀ ಶಿಳ್ಳೆ ಹೊಡೆಯುತ್ತಿದ್ದ. ಅವನಿಗೆ ಶಿಳ್ಳೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಮೇ 11, ಶನಿವಾರ

ಶಾಲೆಯ ಮಕ್ಕಳಿಗಾಗಿ ಚಿಕ್ಕ ಹಾಂಗಿ ಮಾಡಿದೆವು. ಮಾಂಸ ಎಲುಬಿನಿಂದ ತಾನಾಗಿಯೇ ಜಾರಿತು. ನನಗೆ ಕಣ್ಣು ತುಂಬಿ ಬಂತು, ಹಬೆ ಜಾಸ್ತಿ ಇತ್ತು. ನಾಳೆ ಮನಾಯಾ ಹೋಗುತ್ತಾಳೆ, ನೂರರ ಹಬ್ಬಕ್ಕೆ ಅತಿಥಿಗಳ ಜೊತೆ ಬರುತ್ತಾಳಂತೆ. ಆಟ ಮುಗಿಯಿತಲ್ಲ, ಇನ್ನು ಗಂಭೀರವಾಗಿ ಕೆಲಸ ಮಾಡಬಹುದು. ಹಾಗೆ ಹೇಳಿದರೆ, “ಕೋಳಿನ ನಿಮ್ಮ ಹತ್ರ ಬಿಟ್ಟು ಹೋಗ್ತೀನಿ ಆಂಟಿ, ಸಾಕ್ಕೊಳ್ಳಿ” ಎಂದಳು.

ಮೇ 16, ಗುರುವಾರ

ಮಳೆ. ಪಿರಿಹಿರಾ ಬಿಸಿ ಬ್ರೆಡ್ಡು ತಂದುಕೊಟ್ಟು, ಒಳಗೆ ಬರುವುದಿಲ್ಲ ಎಂದು ಬಾಗಿಲಲ್ಲೇ ಎರಡು ಗಂಟೆ ನಿಂತು ಮಾತಾಡಿದಳು.

ಮೇ 22, ಬುಧವಾರ

ಬಿ.ಪಿ. ಇಳಿದಿದೆ. “ಮಾತ್ರೆ ಕೆಲ್ಸ ಮಾಡ್ತಿದೆ” ಎಂದಳು ನರ್ಸು. ಹೌದೌದು ಎಂದೆ. ಮಾತ್ರೆಯ ಪೊಟ್ಟಣ ಇನ್ನೂ ಒಡೆದಿಲ್ಲ.

ಮೇ 31, ಶುಕ್ರವಾರ

ದಿನವೆಲ್ಲ ಸಿಪ್ಪೆ ಹೆರೆದದ್ದೇ. ಹೋಹೆಪಾ ಕಲ್ಲು ಜೋಡಿಸಿದ್ದಾನೆ. ಬೇಕಾದ್ದಕ್ಕಿಂತ ಹೆಚ್ಚು ಕಲ್ಲು ಯಾಕೆ ಎಂದು ಕೇಳಿದೆ. “ಅನುಮಾನಕ್ಕೆ ಇರ್ಲಿ” ಎಂದ. ಇರಲಿ ಬಿಡು ಎಂದೆ.

ಹಂದಿಮಾಂಸವನ್ನೆಲ್ಲ ಉಳಿದವರೇ ಬುಟ್ಟಿಗೆ ತುಂಬಿದರು, ನಾನು ದೂರದಿಂದ ನೋಡಿದೆನಷ್ಟೆ. ಹಿರಿಯರ ಪಂಕ್ತಿಗೆ ಬಡಿಸುವ ಕುರಿಮಾಂಸದ ಬುಟ್ಟಿಯನ್ನು ಮಾತ್ರ ನಾನೇ ತುಂಬಿ, ಕೋಲ್ಡ್ ರೂಮಿನ ಮೂಲೆಯಲ್ಲಿ ಇಟ್ಟು ಬೀಗ ಹಾಕಿದ್ದೇನೆ. ಆ ಒಂದನ್ನು ಯಾರೂ ಮುಟ್ಟುವುದು ಬೇಡ. ಕೋರೊ ಇಹಾಯಾರ ತಟ್ಟೆಗೆ ಬರುವುದು ಅದೇ, ನಾಳೆ ಅವರ ಬಾಯಲ್ಲಿ ನಮ್ಮ ಹಣೆಬರಹ ಇದೆ.

ಜೂನ್ 1, ಶನಿವಾರ

ಕೈಯೆಲ್ಲ ನೋಯುತ್ತಿದೆ, ಆದರೂ ಬರೆಯದೆ ನಿದ್ದೆ ಬಾರದು.

ಒಂಬತ್ತಕ್ಕೆ ಗುಂಡಿ ಮುಚ್ಚಿದೆವು. ಕಲ್ಲು ಬಿಳಿ ತಿರುಗುವಷ್ಟು ಕಾದಿದ್ದವು. ಬುಟ್ಟಿ ಇಳಿಸಿ, ಒದ್ದೆ ಬಟ್ಟೆ, ಗೋಣಿ ಹೊದಿಸಿ, ಮಣ್ಣು ಎಳೆದು, ಎಲ್ಲೂ ಹಬೆ ಸೋರದಂತೆ ಹೋಹೆಪಾ ಸಲಿಕೆಯಿಂದ ತಟ್ಟಿದ. ಕೋರೊ ಇಹಾಯಾ ಸಮಿತಿಯವರನ್ನು ಕರೆದುಕೊಂಡು ಬಂದು ಗುಂಡಿಯ ಮುಂದೆ ಪ್ರಾರ್ಥನೆ ಶುರು ಮಾಡಿದರು. ಅವರ ಪ್ರಾರ್ಥನೆ ಎಂದರೆ ಗೊತ್ತಲ್ಲ. ಆದಿಯಿಂದ ಶುರುವಾಗಬೇಕು. ಈ ಸಂದಿಯಲ್ಲಿ ಬೆಣ್ಣೆ ತೆಗೆದಿಡೋಣ ಎಂದು ನಾನು ಮೆಲ್ಲಗೆ ಒಳಗೆ ಹೋಗಿ ಕೋಲ್ಡ್ ರೂಮಿನ ಬೀಗ ತೆಗೆದೆ.

ಮೂಲೆಯಲ್ಲಿ ಕುರಿಮಾಂಸದ ಬುಟ್ಟಿ ಕೂತಿತ್ತು.

ನಾನೇ ಇಟ್ಟದ್ದು, ನಾನೇ ಬೀಗ ಹಾಕಿದ್ದು, ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಬೆಳಿಗ್ಗೆ ಹಂದಿಮಾಂಸದ ಬುಟ್ಟಿಗಳನ್ನೆಲ್ಲ ಹೊರಗೆ ಕೊಟ್ಟು, ಇದೊಂದನ್ನು ಕೊನೆಗೆ ನಾನೇ ಒಯ್ಯುತ್ತೇನೆಂದು ಮತ್ತೆ ಬೀಗ ಹಾಕಿದ್ದೆ. ಬೇರೆ ಯಾರಾದರೂ ತರುವುದಾದರೂ ಹೇಗೆ? ಬುಟ್ಟಿಯ ಮುಂದೆ ನಿಂತೇ ಇದ್ದೆ. ಮುಚ್ಚಿದ ಹಾಂಗಿಯನ್ನು ಬಿಚ್ಚುವುದೆಂದರೆ ಕಾವು ಹೋದ ಹಾಗೆ; ಅಮ್ಮನ ಕಾಲದಲ್ಲಿ ಕೇಳಿ ಅರಿಯದ ಮಾತು. ಸುಮ್ಮನಿದ್ದುಬಿಟ್ಟರೆ? ಹಿರಿಯರ ಪಂಕ್ತಿಗೆ ಮಾಂಸ ಎಲ್ಲಿ ಎಂದು ಮಧ್ಯಾಹ್ನ ಕೇಳುತ್ತಾರೆ. ಬುಟ್ಟಿ ಇಳಿಸುವವನು ಹೋಹೆಪಾ. ಅವನು ಮರೆತ ಎಂದರೆ ಊರೆಲ್ಲ ನಂಬುತ್ತದೆ, ಅವನು ಬಾಯಿ ಬಿಟ್ಟು ಅಲ್ಲ ಎನ್ನುವುದೂ ಇಲ್ಲ.

ಬುಟ್ಟಿ ಎತ್ತಿಕೊಂಡು ಹೊರಗೆ ಬಂದೆ. ಎಲ್ಲರೂ ತಲೆ ಬಾಗಿಸಿ ಕಣ್ಣು ಮುಚ್ಚಿದ್ದರು. ಕೋರೊ ನಮ್ಮ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಹೇಗೆ ಬಂತೋ ಗೊತ್ತಿಲ್ಲ.

“ಕೊಕ್ಕೊಕ್ಕೋ.”

ಕೋರೊ ಕಣ್ಣು ತೆರೆದರು. ಸಮಿತಿಯವರು ಆಕಾಶ ನೋಡಿದರು. ನನ್ನ ಅಡುಗೆಮನೆಯವರು ಮಾತ್ರ ಎಲ್ಲಿದ್ದವರು ಅಲ್ಲೇ ನಿಂತರು, ಹೋಹೆಪಾ ಸಲಿಕೆ ಗಾಳಿಯಲ್ಲೇ ಹಿಡಿದುಕೊಂಡು.

“ನಾನೇ ಮರ್ತೆ. ಬೀಗ ಹಾಕಿ ಮರ್ತೆ” ಎಂದೆ.

ಯಾರ ತಪ್ಪು ಎಂದು ಯಾರೂ ಕೇಳಲಿಲ್ಲ. ಪಿರಿಹಿರಾ ಆಗಲೇ ಇನ್ನೊಂದು ಸಲಿಕೆ ಹಿಡಿದಿದ್ದಳು. “ಈ ಮೂಲೆ ಒಂದನ್ನೇ ತೆಗ್ಯೋಣ. ನನ್ ಪುಡಿಂಗ್ ಈ ಕಡೆ ಇದೆ, ಅದನ್ನ ಆಚೆ ತೆಗ್ದು ಒಲೆ ಮೇಲೆ ಬೇಯಿಸ್ಕೋತೀನಿ. ಜಾಗ ಆಗತ್ತೆ.” ಪುಡಿಂಗ್ ಬಿಟ್ಟುಕೊಟ್ಟಳು, ಪಿರಿಹಿರಾ. ಹೋಹೆಪಾ ಬೂದಿಯೊಳಗೆ ಬಚ್ಚಿಟ್ಟಿದ್ದ ಅನುಮಾನದ ಕಲ್ಲುಗಳನ್ನು ಸಲಿಕೆಯಲ್ಲಿ ಎತ್ತಿ ತಂದು ಬುಟ್ಟಿಯ ಸುತ್ತ ಇಳಿಸಿದ. ಕಣ್ಣು ಮಿಟುಕಿಸುವುದರೊಳಗೆ ಗುಂಡಿ ಮತ್ತೆ ಮುಚ್ಚಿತು.

“ಮುಕ್ಕಾಲು ಗಂಟೆ ಜಾಸ್ತಿ ಬೇಕು ಅತ್ಗೆ. ಅನುಮಾನ ಅಲ್ಲ, ಬೇಕೇ ಬೇಕು” ಎಂದ.

ಊಟ ಹನ್ನೆರಡೂವರೆಗೆ. ಮುನ್ನೂರು ಜನರನ್ನು ಮುಕ್ಕಾಲು ಗಂಟೆ ಕೂರಿಸುವುದು ಹೇಗೆ? ನಾನು ನೇರ ಕೋರೊ ಇಹಾಯಾರ ಮುಂದೆ ಹೋಗಿ ನಿಂತೆ.

“ಕೋರೊ, ಒಂದು ಉಪಕಾರ ಆಗ್ಬೇಕು. ಇವತ್ತು ಭಾಷಣ ಸ್ವಲ್ಪ ಉದ್ದ ಮಾಡಿ.”

ಅವರು ಕಿವಿಯ ಯಂತ್ರ ಸರಿಮಾಡಿಕೊಂಡರು. “ಇನ್ನೊಂದ್ಸಲ ಹೇಳಮ್ಮ.”

“ಉದ್ದ ಮಾಡಿ.”

“ಪ್ರತಿ ಸಲಾನೂ ಕಿಟಕೀಲಿ ನಿಂತು ಸೌಟು ಬಡೀತಿದ್ದೋಳು ನೀನು. ‘ಸಾಕು ಮುದುಕಪ್ಪ, ಗೆಣಸು ಕರಗ್ತಿದೆ’ ಅಂತಿದ್ದೆ.” ಮುಖ ದೀಪ ಹಚ್ಚಿದ ಹಾಗಾಯಿತು. “ಯಾವಾಗ ನಿಲ್ಲಿಸ್ಬೇಕು?”

“ಕಿಟಕೀಲಿ ಟೀ ಟವಲು ಕಾಣ್ಸತ್ತೆ.”

“ಸರಿ. ಪ್ರಾರ್ಥನೆ ಅರ್ಧಕ್ಕೆ ನಿಂತಿದೆ, ಮೊದ್ಲಿಂದ ಶುರು ಮಾಡ್ತೀನಿ. ದೇವರನ್ನ ಎರಡ್ ಸಲ ಕೇಳಿದ್ರೆ ತಪ್ಪೇನಿಲ್ಲ.”

ಅತಿಥಿಗಳು ಬಂದರು, ಸ್ವಾಗತದ ಕರೆ ಕೇಳಿಸಿತು, ಭಾಷಣಗಳು ಶುರುವಾದವು. ಕೋರೊ ನಮ್ಮ ಮೊದಲ ದೋಣಿ ದಡಕ್ಕೆ ಬಂದಲ್ಲಿಂದ ಹಿಡಿದರು. ಹುಟ್ಟು ಹಾಕಿದವರ ಹೆಸರು, ಅವರ ಹೆಂಡಿರ ಹೆಸರು, ಹೆಂಡಿರ ತವರು. ಜನ ಕೂತಲ್ಲೇ ಮಗ್ಗುಲು ಬದಲಿಸಿದರು. ನಡುವೆ ಹಾಡು, ಮತ್ತೆ ಹೆಸರು. ನಾವು ಅಡುಗೆಮನೆಯಲ್ಲಿ ಕಿವಿಗೊಟ್ಟು, ಬಾಯಿಗೆ ಏಪ್ರನ್ ಒತ್ತಿಕೊಂಡು ನಗುತ್ತಿದ್ದೆವು. ಟವಲು ಯಾವಾಗ ಹಾಕಲಿ ಎಂದು ನಾನು ಹೊರಗೆ ಗುಂಡಿಯ ಬಳಿ ಕೂತಿದ್ದ ಹೋಹೆಪಾನನ್ನು ನೋಡಿದೆ. ಅವನು ಮಣ್ಣಿನ ಮೇಲೆ ಅಂಗೈ ಇಟ್ಟು ತಲೆಯಾಡಿಸಿದ, ಇನ್ನೂ ಇಲ್ಲ. ಕಾದೆ. ಆಮೇಲೆ ಅವನೇ ಎದ್ದು “ಹಾಕು” ಎಂದ. ಕೋರೊ ಒಂದು ಹೆಸರಿನ ಅರ್ಧದಲ್ಲೇ ನಿಲ್ಲಿಸಿ ಕೂತುಬಿಟ್ಟರು.

ಮಣ್ಣು ಸರಿಸಿದಾಗ ಬಂದ ವಾಸನೆಗೆ ಜನ ತಾವಾಗಿಯೇ ಎದ್ದು ಬಂದರು. ಕುರಿಮಾಂಸ ಬೆರಳು ತಾಗಿಸಿದರೆ ಬಿಡುತ್ತಿತ್ತು. ಕೋರೊ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು, ತಟ್ಟೆಯನ್ನು ಇನ್ನೊಮ್ಮೆ ಮುಂದೆ ಚಾಚಿದರು.

ಊಟವಾದ ಮೇಲೆ ವಾಡಿಕೆಯಂತೆ ನಮ್ಮನ್ನೆಲ್ಲ ಹೊರಗೆ ಕರೆದರು. ಬೆವರು, ಮಸಿ, ಒದ್ದೆ ಏಪ್ರನ್, ಸಾಲಾಗಿ ನಿಂತೆವು.

“ವ್ಯಾನಿನೋರಿಗೆ ಬರೋದು ಬೇಡ ಅಂತ ಹೇಳ್ತೀನಿ” ಎಂದರು ಕೋರೊ. “ಅವರ ಹತ್ರ ಇಂಥಾ ಕೋಳಿ ಇರಲ್ಲ. ಬೆಳಿಗ್ಗೆ ನನ್ನ ಪ್ರಾರ್ಥನೇಲಿ ಕೂಗಿದ್ದು ಯಾರು ಅಂತ ಅತಿಥಿಗಳಿಗೂ ಗೊತ್ತಾಗ್ಲಿ, ಮುಂದೆ ಬರ್ಲಿ.”

ನಾನು ಕಾಲು ಮುಂದಿಡುವಷ್ಟರಲ್ಲಿ ಪಕ್ಕದಿಂದ ಹೋಹೆಪಾ ಕೂಗಿದ. ಆಚೆಯಿಂದ ಪಿರಿಹಿರಾ. ಆಮೇಲೆ ಇಡೀ ಸಾಲು. ಮುನ್ನೂರು ಜನರ ಮುಂದೆ ನಮ್ಮ ಅಡುಗೆಮನೆ ಪೂರ್ತಿ ಕೊಕ್ಕೊಕ್ಕೋ ಎಂದು ಕೂಗಿತು. ಅತಿಥಿಗಳ ನಡುವೆ ಮನಾಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಅಮ್ಮ ಇದ್ದಿದ್ದರೆ ಎಷ್ಟು ನಗುತ್ತಿದ್ದಳೋ. ನನ್ನ ಜೀವನದಲ್ಲಿ ಇಂಥ ಸಂತೋಷ ಕಂಡಿಲ್ಲ.

ಹೊರಡುವಾಗ ಬೀಗದ ಕೈಯ ಪಿನ್ನು ಚುಚ್ಚುತ್ತಿತ್ತು. ಬಿಚ್ಚಿ ಟೀ ಟವಲಿನ ಪಕ್ಕದ ಮೊಳೆಗೆ ಹಾಕಿ ಬಂದೆ.

ಜೂನ್ 4, ಮಂಗಳವಾರ

ಬೆಳಿಗ್ಗೆ ಪಿರಿಹಿರಾ ಅಡುಗೆಮನೆಯಿಂದ ಫೋನು ಮಾಡಿದಳು.

“ಹೂರಿಯಾ, ಉಳಿದ ಮಾಂಸ ಹಂಚ್ಬೇಕು. ಕೋಲ್ಡ್ ರೂಮಿನ ಕೀ ತಗೊಂಡು ಬಾರೆ.”

“ಮೊಳೇಲಿದೆ ನೋಡು.”

ಆ ಕಡೆ ಕೀ ಕಿಣಿಗುಟ್ಟಿತು. “ಮೊಳೇಲಾ? ಯಾವತ್ತಿಂದ?”

“ಯಾವತ್ತಿಂದ ಅಂದ್ರೆ? ಅದು ಯಾವಾಗ್ಲೂ ಅಲ್ಲೇ ತಾನೆ ಇರೋದು.”

“ಕೊಕ್ಕೊಕ್ಕೋ” ಎಂದಳು ಪಿರಿಹಿರಾ.

ನಾನು ಬಾಯಿ ತೆರೆದರೆ ನಗು ಬಂತು. ಅವಳೂ ನಗುತ್ತಿದ್ದಳು. ಇಬ್ಬರೂ ಫೋನು ಹಿಡಿದುಕೊಂಡು ಎಷ್ಟು ಹೊತ್ತು ನಕ್ಕೆವೋ, ಒಲೆಯ ಮೇಲಿಟ್ಟ ನನ್ನ ಗಂಜಿ ತಳ ಹಿಡಿಯಿತು.